ಪೊಮೊಡೊರೊ, ಟೈಮ್ ಬ್ಲಾಕಿಂಗ್, ಬರೀ ಪಟ್ಟಿ: ಕೆಲಸದಲ್ಲಿ ಗಮನ ನಿಲ್ಲಲು ಯಾರಿಗೆ ಯಾವುದು ಸರಿ?

ಗಮನ ನಿಲ್ಲುತ್ತಿಲ್ಲ ಅಂದ ಕೂಡಲೇ ಸಲಹೆಗಳಿಗೆ ಬರವಿಲ್ಲ. ಟೈಮರ್ ಇಟ್ಟುಕೊಳ್ಳಿ, ಬೆಳಗ್ಗೆ ಬೇಗ ಏಳಿ, ಇಂಥ ಆ್ಯಪ್ ಹಾಕಿಕೊಳ್ಳಿ, ಹಾಡು ಕೇಳಿ, ಹಾಡು ಕೇಳಲೇಬೇಡಿ. ಇವೆಲ್ಲ ಯಾರಿಗೋ ಒಗ್ಗಿರುವಂಥವೇ, ಸುಳ್ಳಲ್ಲ. ಆದರೆ ಎಲ್ಲರ ಗಮನ ಕೆಡುವುದು ಒಂದೇ ಕಾರಣಕ್ಕಲ್ಲ ಅಲ್ವಾ? ಕೆಲಸಕ್ಕೆ ಕೈ ಹಾಕುವುದೇ ಕಷ್ಟ ಅನ್ನುವವರಿಗೆ ಬೇಕಾದದ್ದು ಒಂದು. ಕೈ ಹಾಕಿದ ಮೇಲೆ ನಾಲ್ಕು ಜನ ಬಂದು ಮಾತಾಡಿಸುತ್ತಾರೆ ಅನ್ನುವವರಿಗೆ ಬೇಕಾದದ್ದು ಇನ್ನೊಂದು. ಇದನ್ನು ನೋಡದೆ ವಿಧಾನ ಆರಿಸಿಕೊಂಡರೆ ಒಂದು ವಾರ ಉತ್ಸಾಹ ಇರುತ್ತದೆ, ಆಮೇಲೆ ಬಿಟ್ಟುಹೋಗುತ್ತದೆ. ನನ್ನಲ್ಲೇ ಶಿಸ್ತಿಲ್ಲ ಅಂತ ಬೇಜಾರು ಮಾಡಿಕೊಳ್ಳುವುದು ಬೇರೆ.

ಹಾಗಾಗಿ ಇಲ್ಲಿ ಒಂದೊಂದು ವಿಧಾನವನ್ನೂ ಅದು ಯಾವ ತೊಂದರೆಗೆ ಮದ್ದು ಅನ್ನುವ ಲೆಕ್ಕದಲ್ಲಿ ಹೋಲಿಸುತ್ತೇನೆ.

ಮೊದಲು ತೊಂದರೆ ಯಾವುದು ಅಂತ ಹಿಡಿಯಿರಿ

ಎರಡು ದಿನ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. ಕೆಲಸದಿಂದ ಮನಸ್ಸು ಕದಲಿದಾಗಲೆಲ್ಲ ಗಂಟೆ ಎಷ್ಟು, ಯಾಕೆ ಅಂತ ನಾಲ್ಕು ಪದ ಬರೆಯಿರಿ. ಸುಮಾರು ಹೀಗಿರುತ್ತದೆ:

9:40 ವರದಿ ಶುರು
9:52 ಫೋನ್ ನೋಡಿದೆ, ಮುಂದಿನ ಸಾಲು ಹೊಳೆಯಲಿಲ್ಲ
10:05 ಇಮೇಲ್ ಬಂತು, ಉತ್ತರ ಕೊಟ್ಟೆ
10:20 ಬಿಲ್ ಕಟ್ಟುವುದು ನೆನಪಾಯ್ತು, ಸೈಟ್ ತೆರೆದೆ
10:45 ಪಕ್ಕದವರು ಏನೋ ಕೇಳಿದರು
11:10 ಓದಿದ್ದೇ ಮತ್ತೆ ಓದುತ್ತಿದ್ದೇನೆ

ಈ ಹಾಳೆಯಲ್ಲಿ ನಿಜವಾಗಿ ನಾಲ್ಕು ಬಗೆಯ ತೊಂದರೆ ಇದೆ. 9:52ಕ್ಕೆ ಫೋನ್ ಕೈಗೆ ಬಂದದ್ದು ಫೋನಿನ ತಪ್ಪಲ್ಲ, ಕೆಲಸ ಮುಂದಕ್ಕೆ ಹೋಗಲಿಲ್ಲ, ಅದಕ್ಕೆ. 10:05 ಮತ್ತು 10:45 ಹೊರಗಿನ ಅಡ್ಡಿ. 10:20 ತಲೆಯೊಳಗೆ ಬಾಕಿ ಕೆಲಸ ಕೊರೆಯುತ್ತಿರುವುದು. 11:10 ಬರೀ ದಣಿವು. ನಿಮ್ಮ ಹಾಳೆಯಲ್ಲಿ ಇವುಗಳಲ್ಲಿ ಯಾವುದು ಜಾಸ್ತಿ ಬರುತ್ತದೋ ಅದಕ್ಕೆ ಮೊದಲು ಮದ್ದು ಹುಡುಕಿ.

ಅಮೆರಿಕದ ಸಂಶೋಧಕಿ ಗ್ಲೋರಿಯಾ ಮಾರ್ಕ್ ಕೆಲಸದ ಜಾಗದಲ್ಲಿ ಜನ ಹೇಗೆ ಗಮನ ಕೊಡುತ್ತಾರೆ ಅಂತ ಎರಡು ದಶಕ ಗಮನಿಸಿದವರು. 2004ರ ಸುಮಾರಿಗೆ ಜನ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ಇರುತ್ತಿದ್ದರು. ಇತ್ತೀಚಿನ ವರ್ಷಗಳಲ್ಲಿ ಅದು 47 ಸೆಕೆಂಡಿನ ಹತ್ತಿರ ಬಂದಿದೆ. ಅವರ ಅಧ್ಯಯನಗಳಲ್ಲಿ ಕಂಡ ಇನ್ನೊಂದು ಸಂಗತಿ ನನಗೆ ಇನ್ನೂ ಮುಖ್ಯ ಅನಿಸುತ್ತದೆ: ಬೇರೆಯವರು ನಮ್ಮನ್ನು ತಡೆಯುವಷ್ಟೇ ಹೆಚ್ಚುಕಮ್ಮಿ ನಮ್ಮನ್ನು ನಾವೇ ತಡೆದುಕೊಳ್ಳುತ್ತೇವೆ. ಹಾಳೆ ಬರೆಯದೆ ಇದು ಗೊತ್ತಾಗುವುದೇ ಇಲ್ಲ. ಎಲ್ಲ ತಪ್ಪೂ ಪಕ್ಕದವರದ್ದು ಅಂತ ಅಂದುಕೊಂಡಿರುತ್ತೇವೆ.

ಪೊಮೊಡೊರೊ ಮತ್ತು ಫ್ಲೋಟೈಮ್

ಪೊಮೊಡೊರೊ ಎಲ್ಲರಿಗೂ ಗೊತ್ತಿರುವ ವಿಧಾನ. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಕಾಲೇಜಿನಲ್ಲಿ ಓದುವಾಗ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಇದನ್ನು ಶುರು ಮಾಡಿದರು. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ನಾಲ್ಕು ಸುತ್ತು ಆದ ಮೇಲೆ 15ರಿಂದ 30 ನಿಮಿಷದ ದೊಡ್ಡ ಬಿಡುವು.

ಕೆಲಸ ಶುರು ಮಾಡಲು ಆಗದವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಇಡೀ ವರದಿ ಬರೆಯಬೇಕು ಅಂದರೆ ಮನಸ್ಸು ಹಿಂದೇಟು ಹಾಕುತ್ತದೆ. 25 ನಿಮಿಷ ಕೂತರೆ ಸಾಕು ಅಂದರೆ ಒಪ್ಪಿಕೊಳ್ಳುತ್ತದೆ. ಅದೂ ಜಾಸ್ತಿ ಅನಿಸಿದರೆ 10 ನಿಮಿಷಕ್ಕೆ ಇಳಿಸಿ, ತೊಂದರೆ ಇಲ್ಲ. ಶುರುವಾಗುವುದು ಮುಖ್ಯ.

ಚಿರಿಲ್ಲೊ ಹೇಳಿದ ಒಂದು ನಿಯಮವನ್ನು ಹೆಚ್ಚಿನವರು ಬಿಟ್ಟೇ ಬಿಡುತ್ತಾರೆ. ಸುತ್ತಿನ ನಡುವೆ ಬೇರೆ ಏನಾದರೂ ನೆನಪಾದರೆ ಪಕ್ಕದ ಹಾಳೆಯಲ್ಲಿ ಬರೆದಿಟ್ಟು ಮುಂದುವರಿಯಬೇಕು. ಬಿಲ್ ಕಟ್ಟಬೇಕು ಅಂತ ಬರೆದರೆ ಸಾಕು, ಸೈಟ್ ತೆರೆಯಬೇಕಾಗಿಲ್ಲ. ಟೈಮರಿಗಿಂತ ಈ ಹಾಳೆಯಿಂದಲೇ ಜಾಸ್ತಿ ಉಪಯೋಗ ಅಂತ ನಾನು ಹೇಳುತ್ತೇನೆ. ಇನ್ನು ಆ 5 ನಿಮಿಷದ ಬಿಡುವಿನಲ್ಲಿ ಫೋನ್ ಹಿಡಿದರೆ ಅದು ಬಿಡುವಲ್ಲ. ಕಣ್ಣು, ತಲೆ ಎರಡಕ್ಕೂ ಮತ್ತೆ ಅದೇ ಕೆಲಸ. ಎದ್ದು ಓಡಾಡಿ, ನೀರು ಕುಡಿಯಿರಿ, ಕಿಟಕಿಯಾಚೆ ದೂರಕ್ಕೆ ನೋಡಿ.

ಇದು ಒಗ್ಗದಿರುವುದು ಆಳಕ್ಕಿಳಿದು ಮಾಡುವ ಕೆಲಸಗಳಿಗೆ. ಕೋಡ್ ಬರೆಯುವವರು, ದೊಡ್ಡ ಲೇಖನ ಬರೆಯುವವರು, ವಿನ್ಯಾಸ ಮಾಡುವವರು ಒಳಗೆ ಹೊಕ್ಕಲು ಮೊದಲ 15–20 ನಿಮಿಷ ಹಿಡಿಯುತ್ತದೆ. ಹೊಕ್ಕ ಕೂಡಲೇ ಅಲಾರಂ ಹೊಡೆದರೆ ಜಾಡು ತಪ್ಪುತ್ತದೆ. ಅಂಥವರಿಗೆ ಫ್ಲೋಟೈಮ್ ಮೇಲು. ಶುರು ಮಾಡಿದ ಸಮಯ ಬರೆದುಕೊಳ್ಳಿ. ಗಮನ ತಾನಾಗಿ ಸಡಿಲವಾಗುವವರೆಗೆ ಕೆಲಸ ಮಾಡಿ. ನಿಲ್ಲಿಸಿದ ಸಮಯ ಬರೆಯಿರಿ, ಕೂತಿದ್ದ ಹೊತ್ತಿಗೆ ತಕ್ಕ ಬಿಡುವು ತೆಗೆದುಕೊಳ್ಳಿ. ಸ್ವಲ್ಪ ದಿನ ಬರೆದರೆ ನೀವು ಸಹಜವಾಗಿ ಎಷ್ಟು ಹೊತ್ತು ಕೂರಬಲ್ಲಿರಿ ಅಂತ ನಿಮಗೇ ತಿಳಿಯುತ್ತದೆ. ಒಬ್ಬರಿಗೆ 40 ನಿಮಿಷ, ಇನ್ನೊಬ್ಬರಿಗೆ 80. ಆದರೆ ಶುರು ಮಾಡುವುದೇ ಕಷ್ಟ ಅನ್ನುವವರನ್ನು ಫ್ಲೋಟೈಮ್ ಕೈ ಹಿಡಿಯುವುದಿಲ್ಲ. ಅದರಲ್ಲಿ ತಳ್ಳುವವರು ಯಾರೂ ಇಲ್ಲ.

ಎಷ್ಟು ಹೊತ್ತಿಗೊಮ್ಮೆ ಬಿಡುವು ಬೇಕು ಅನ್ನುವುದು ಕೆಲಸದ ಬಗೆಯ ಮೇಲೂ ಹೋಗುತ್ತದೆ. ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರ್ ಪರದೆ ನೋಡುತ್ತ ಕೂತವರು ಗುರುತುಗಳನ್ನು ಯಾಕೆ ತಪ್ಪಿಸುತ್ತಾರೆ ಅನ್ನುವುದು ಪ್ರಶ್ನೆ. ಗಡಿಯಾರದಂಥ ಒಂದು ಮುಳ್ಳು ಒಂದೊಂದೇ ಹೆಜ್ಜೆ ಸರಿಯುತ್ತದೆ, ಅಪರೂಪಕ್ಕೆ ಎರಡು ಹೆಜ್ಜೆ ಜಿಗಿಯುತ್ತದೆ. ಆ ಜಿಗಿತವನ್ನು ಹಿಡಿಯಬೇಕು. ಅರ್ಧ ಗಂಟೆ ಆಗುವಷ್ಟರಲ್ಲೇ ಜನ ಅದನ್ನು ಕಾಣದೆ ಹೋಗುವುದು ಜಾಸ್ತಿಯಾಯಿತು. ಕರಡು ತಿದ್ದುವುದು, ಅಂಕಿ ತಾಳೆ ನೋಡುವುದು, ಡೇಟಾ ಪರಿಶೀಲಿಸುವುದು ಇವೆಲ್ಲ ಇದೇ ಜಾತಿಯ ಕೆಲಸ. ಇವಕ್ಕೆ 20–25 ನಿಮಿಷದ ಸುತ್ತೇ ಸರಿ, ನಿಮಗೆ ಕೂರುವ ತಾಳ್ಮೆ ಎಷ್ಟೇ ಇರಲಿ.

90 ನಿಮಿಷ ಕೆಲಸ ಮಾಡಬೇಕು, ದೇಹದ ಲಯವೇ ಅಷ್ಟು ಅನ್ನುವ ಮಾತೂ ಓಡಾಡುತ್ತದೆ. ನಿದ್ದೆಯ ಆವರ್ತನೆ ಸುಮಾರು 90 ನಿಮಿಷದ್ದು ಅನ್ನುವುದು ಹೌದು. ಎಚ್ಚರವಾಗಿರುವಾಗಲೂ ಅದೇ ಲಯ ನಡೆಯುತ್ತದೆ ಅಂತ ನಿದ್ದೆಯ ಸಂಶೋಧಕ ನಥಾನಿಯಲ್ ಕ್ಲೈಟ್‌ಮನ್ ಹೇಳಿದ್ದರು, ಆದರೆ ಅದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. 90ಕ್ಕೇ ಗಂಟು ಬೀಳಬೇಡಿ.

ಟೈಮ್ ಬ್ಲಾಕಿಂಗೋ, ಪಟ್ಟಿಯೋ?

ಟೈಮರ್ ಇರುವುದು ಈ ಒಂದು ಗಂಟೆಗೆ. ಇಡೀ ದಿನಕ್ಕೆ ಏನು ಮಾಡಬೇಕು ಅನ್ನುವುದು ಬೇರೆಯೇ ಪ್ರಶ್ನೆ.

ಚಿಕ್ಕ ಪಟ್ಟಿಯ ವಿಧಾನ ಬಹಳ ಸರಳ. ದಿನದ ಕೊನೆಗೆ ಮರುದಿನದ ಕೆಲಸಗಳನ್ನು ಮಹತ್ವದ ಕ್ರಮದಲ್ಲಿ ಬರೆಯುವುದು, ಬೆಳಗ್ಗೆ ಮೊದಲನೆಯದನ್ನು ಹಿಡಿಯುವುದು, ಅದು ಮುಗಿಯದೆ ಎರಡನೆಯದಕ್ಕೆ ಹೋಗದಿರುವುದು. ಅಮೆರಿಕದ ಐವಿ ಲೀ ಹೆಸರಿನಲ್ಲಿ ಪ್ರಚಾರದಲ್ಲಿರುವ ರೂಪದಲ್ಲಿ ಆರು ಕೆಲಸ. ನನ್ನ ಅಭಿಪ್ರಾಯದಲ್ಲಿ ಆರೂ ಜಾಸ್ತಿ, ಮೂರು ಸಾಕು. ಪಟ್ಟಿ ಉದ್ದವಾದಷ್ಟೂ ಅದರಲ್ಲಿ ಸುಲಭದ್ದನ್ನು ಹುಡುಕಿ ಮಾಡುವ ಆಸೆ ಹುಟ್ಟುತ್ತದೆ. ಸಂಜೆ ಹತ್ತು ಗೀಟು ಎಳೆದಿರುತ್ತೇವೆ, ದೊಡ್ಡ ಕೆಲಸ ಇದ್ದಲ್ಲೇ ಇರುತ್ತದೆ.

ಟೈಮ್ ಬ್ಲಾಕಿಂಗ್ ಅಂದರೆ ಪ್ರತಿ ಕೆಲಸಕ್ಕೂ ಕ್ಯಾಲೆಂಡರಿನಲ್ಲಿ ಜಾಗ ಕೊಡುವುದು. 9:30ರಿಂದ 11 ವರದಿ, 11ರಿಂದ 11:30 ಇಮೇಲ್, ಹೀಗೆ. ಇದರ ಲಾಭ ಎರಡು. ದಿನದಲ್ಲಿ ನಿಜವಾಗಿ ಎಷ್ಟು ಹೊತ್ತು ಇದೆ ಅಂತ ಕಣ್ಣಿಗೆ ಕಾಣುತ್ತದೆ. ಪಟ್ಟಿಯಲ್ಲಿ ಎಂಟು ಗಂಟೆಯ ಕೆಲಸ ಬರೆದು ಕೈಯಲ್ಲಿ ನಾಲ್ಕು ಗಂಟೆ ಇಟ್ಟುಕೊಂಡಿದ್ದರೆ ಆಗಲೇ ಗೊತ್ತಾಗುತ್ತದೆ. ಎರಡನೆಯದು, ಆ ಹೊತ್ತಿಗೆ ಮೀಟಿಂಗ್ ಹಾಕುವವರಿಗೂ ಅದು ಖಾಲಿ ಇಲ್ಲ ಅಂತ ಕಾಣುತ್ತದೆ.

ಇದು ಹಾಳಾಗುವುದು ಅಂದಾಜಿನಲ್ಲಿ. ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲೇ ಬರೆದಿದ್ದಾರೆ: ಹಿಂದೆ ಇಂಥ ಕೆಲಸಕ್ಕೆ ಎಷ್ಟು ಹಿಡಿಯಿತು ಅಂತ ಗೊತ್ತಿದ್ದರೂ ನಾವು ಮುಂದಿನದಕ್ಕೆ ಕಡಿಮೆಯೇ ಅಂದಾಜು ಮಾಡುತ್ತೇವೆ. ಅದಕ್ಕೆ ನಿಮಗೆ ತೋಚಿದ ಸಮಯಕ್ಕೆ ಅದರ ಅರ್ಧ ಸೇರಿಸಿ. ಒಂದು ಗಂಟೆ ಅನಿಸಿದರೆ ಒಂದೂವರೆ ಇಡಿ. ಮಧ್ಯಾಹ್ನ ಒಂದು ಖಾಲಿ ಬ್ಲಾಕ್ ಬಿಡಿ, ಬೆಳಗಿನದು ಉಳಿದಿದ್ದರೆ ಅಲ್ಲಿ ಹೋಗುತ್ತದೆ. ಯೋಜನೆ 11 ಗಂಟೆಗೇ ಮುರಿದುಬಿದ್ದರೆ ಉಳಿದ ದಿನಕ್ಕೆ ಹೊಸದು ಬರೆಯಿರಿ. ಹಳೆಯದಕ್ಕೆ ಜೋತುಬಿದ್ದು ಕೊರಗುವುದರಲ್ಲಿ ಅರ್ಥವಿಲ್ಲ.

ಯಾರಿಗೆ ಯಾವುದು? ಕ್ಯಾಲೆಂಡರ್ ನಿಮ್ಮ ಕೈಯಲ್ಲಿದ್ದರೆ ಟೈಮ್ ಬ್ಲಾಕಿಂಗ್. ಗ್ರಾಹಕರ ಕರೆ, ಟಿಕೆಟ್ (ದಾಖಲಾದ ದೂರು), ತುರ್ತು ಕೆಲಸ ಯಾವಾಗ ಬೇಕಾದರೂ ಬರುವ ಹುದ್ದೆಯಾದರೆ ಮೂರರ ಪಟ್ಟಿ. ಅಂಥ ಹುದ್ದೆಯವರು ಗಂಟೆಗಂಟೆಗೂ ಬ್ಲಾಕ್ ಬರೆಯುವುದು ಸುಮ್ನೆ ತಲೆನೋವು. ದಿನಕ್ಕೆ ಒಂದೇ ಒಂದು ಬ್ಲಾಕ್, ಅದೂ ಕರೆಗಳು ಕಡಿಮೆ ಇರುವ ಹೊತ್ತಿನಲ್ಲಿ ಸಿಕ್ಕರೆ ಅಷ್ಟೇ ಸಾಕು.

ಒಟ್ಟೊಟ್ಟಿಗೆ ಹಲವು ಕೆಲಸ ಅರ್ಧಂಬರ್ಧ ನಿಂತಿರುವವರಿಗೆ ಕಾನ್ಬಾನ್ ಹೊಂದುತ್ತದೆ. ಟೊಯೋಟಾ ಕಾರ್ಖಾನೆಯಲ್ಲಿ ತೈಚಿ ಓನೊ ರೂಪಿಸಿದ ವ್ಯವಸ್ಥೆಯಿಂದ ಬಂದದ್ದು. ಬೋರ್ಡಿನ ಮೇಲೆ ಮೂರು ಸಾಲು: ಮಾಡಬೇಕಾದದ್ದು, ಮಾಡುತ್ತಿರುವುದು, ಆದದ್ದು. ಇದರ ಜೀವ ಇರುವುದು ನಡುವಿನ ಸಾಲಿನಲ್ಲಿ. ಅಲ್ಲಿ ಎರಡೇ ಚೀಟಿ ಇರಬೇಕು, ಮೂರನೆಯದು ಬರಬೇಕಾದರೆ ಒಂದು ಮುಗಿಯಬೇಕು. ಆ ಮಿತಿ ಇಲ್ಲದಿದ್ದರೆ ಅದು ಬಣ್ಣಬಣ್ಣದ ಚೀಟಿ ಅಂಟಿಸಿದ ಪಟ್ಟಿ ಅಷ್ಟೇ.

ತಲೆಯೊಳಗಿನ ಗದ್ದಲಕ್ಕೆ ಯಾವ ಆ್ಯಪೂ ಬೇಡ

ಒಂದು ಕೆಲಸದಿಂದ ಇನ್ನೊಂದಕ್ಕೆ ಹೋದಾಗ ಮನಸ್ಸು ಪೂರ್ತಿ ಬರುವುದಿಲ್ಲ, ಸ್ವಲ್ಪ ಹಿಂದಿನದರಲ್ಲೇ ಉಳಿದಿರುತ್ತದೆ. ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ಇದನ್ನು ಪ್ರಯೋಗದಲ್ಲಿ ತೋರಿಸಿದರು. ಹಿಂದಿನ ಕೆಲಸ ಮುಗಿಯದೆ ಬಿಟ್ಟು ಬಂದಿದ್ದರೆ ಇದು ಇನ್ನೂ ಜಾಸ್ತಿ. ಆಮೇಲೆ 2018ರಲ್ಲಿ ಅವರೂ ಥೆರೆಸಾ ಗ್ಲಾಂಬ್ ಅವರೂ ಒಂದು ಚಿಕ್ಕ ಪರಿಹಾರ ಕಂಡುಕೊಂಡರು. ಕೆಲಸ ಬಿಟ್ಟು ಏಳುವ ಮುಂಚೆ ಎಲ್ಲಿ ನಿಂತಿದ್ದೇನೆ, ಬಂದ ಮೇಲೆ ಏನು ಮಾಡಬೇಕು ಅಂತ ಬರೆದಿಡುವುದು. ಹಾಗೆ ಬರೆದವರು ನಡುವೆ ಬಂದ ಕೆಲಸವನ್ನು ಹೆಚ್ಚು ಚೆನ್ನಾಗಿ ಮಾಡಿದರು.

ಮಾಡುವುದು ಹೀಗೆ. ಯಾರೋ ಕರೆಯುತ್ತಿದ್ದಾರೆ, ಮೀಟಿಂಗಿಗೆ ಹೊತ್ತಾಯಿತು. ಏಳುವ ಮುಂಚೆ ಬರೆಯಿರಿ: "ಮೂರನೇ ಕೋಷ್ಟಕದವರೆಗೆ ತಾಳೆ ನೋಡಿದೆ. ನಾಲ್ಕನೆಯದರಲ್ಲಿ ಒಟ್ಟು ಮೊತ್ತ ಕೂಡುತ್ತಿಲ್ಲ, ಮಾರ್ಚ್ ಸಾಲಿನ ಮೇಲೆ ಅನುಮಾನ. ಬಂದು ಮೊದಲು ಅದನ್ನು ನೋಡು." ಅರ್ಧ ನಿಮಿಷದ ಕೆಲಸ. ಹಿಂದಿರುಗಿ ಬಂದಾಗ "ಎಲ್ಲಿದ್ದೆ ನಾನು" ಅಂತ ಹುಡುಕುವುದು ತಪ್ಪುತ್ತದೆ. ಈ ಇಡೀ ಲೇಖನದಲ್ಲಿ ಒಂದೇ ಒಂದು ಅಭ್ಯಾಸ ಆರಿಸಿಕೊಳ್ಳಿ ಅಂದರೆ ನಾನು ಇದನ್ನೇ ಕೈತೋರಿಸುತ್ತೇನೆ.

ಬಾಕಿ ಕೆಲಸ ಕೊರೆಯುವುದಕ್ಕೂ ಇದೇ ದಾರಿ. ಮಸಿಕ್ಯಾಂಪೊ ಮತ್ತು ಬಾಮೈಸ್ಟರ್ ಅನ್ನುವ ಮನೋವಿಜ್ಞಾನಿಗಳು 2011ರಲ್ಲಿ ತೋರಿಸಿದ ಪ್ರಕಾರ, ಮುಗಿಯದ ಕೆಲಸ ಮನಸ್ಸನ್ನು ಕಾಡುವುದು ನಿಲ್ಲಲು ಅದನ್ನು ಮುಗಿಸಲೇಬೇಕಾಗಿಲ್ಲ. ಯಾವಾಗ, ಹೇಗೆ ಮಾಡುತ್ತೇನೆ ಅಂತ ಸ್ಪಷ್ಟವಾಗಿ ಯೋಚಿಸಿಟ್ಟರೂ ಸಾಕು. "ಬಿಲ್" ಅಂತ ಬರೆದರೆ ಮತ್ತೆ ನೆನಪಾಗುತ್ತಲೇ ಇರಬಹುದು. "ಬಿಲ್, ಸಂಜೆ 6ಕ್ಕೆ, ಲ್ಯಾಪ್‌ಟಾಪ್ ಮುಚ್ಚುವ ಮುಂಚೆ" ಅಂತ ಬರೆದರೆ ಮನಸ್ಸು ಬಿಡುತ್ತದೆ. ಪುಸ್ತಕದಲ್ಲೋ ಆ್ಯಪಿನಲ್ಲೋ ಅನ್ನುವುದು ನಿಮ್ಮಿಷ್ಟ. ಬರೆಯಲು ಫೋನ್ ತೆಗೆದು ಬೇರೆಲ್ಲೋ ಹೋಗುವ ಸ್ವಭಾವ ಇದ್ದರೆ ಮಾತ್ರ ಕಾಗದವೇ ವಾಸಿ.

ಫೋನ್: ಸೈಲೆಂಟ್, ಬ್ಲಾಕರ್ ಆ್ಯಪ್, ಇಲ್ಲಾ ಬೇರೆ ಕೋಣೆ

ಸೈಲೆಂಟ್ ಮಾಡಿ ಮೇಜಿನ ಮೇಲೆ ಇಡುವುದು ಎಲ್ಲಕ್ಕಿಂತ ದುರ್ಬಲ ಉಪಾಯ. ಶಬ್ದ ಬರದಿದ್ದರೂ ಏನಾದರೂ ಬಂತಾ ಅಂತ ಕೈ ಹೋಗುತ್ತದೆ. ಬ್ಲಾಕರ್ ಆ್ಯಪ್ ಸ್ವಲ್ಪ ಗಟ್ಟಿ, ಆದರೆ ಹಾಕಿದವರೇ ಅದನ್ನು ತೆಗೆಯಲೂ ಬಲ್ಲರು. ಕಂಪ್ಯೂಟರಿನಲ್ಲಿ ಸೈಟುಗಳಿಗೆ ಬೀಗ ಹಾಕಲು ಅದು ಚೆನ್ನ, ಯಾಕೆಂದರೆ ಕಂಪ್ಯೂಟರನ್ನು ದೂರ ಇಡಲಾಗುವುದಿಲ್ಲ. ಫೋನಿಗೆ ಮಾತ್ರ ಬೇರೆ ಕೋಣೆಯೇ ಸರಿ. 2017ರಲ್ಲಿ ಏಡ್ರಿಯನ್ ವಾರ್ಡ್ ಮತ್ತು ಜೊತೆಗಾರರ ಪ್ರಯೋಗದಲ್ಲಿ ಫೋನನ್ನು ಬೇರೆ ಕೋಣೆಯಲ್ಲಿಟ್ಟವರು ಮೇಜಿನ ಮೇಲೆ ಇಟ್ಟವರಿಗಿಂತ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದರು. ಆಮೇಲಿನ ಅಧ್ಯಯನಗಳಲ್ಲಿ ಫಲಿತಾಂಶ ಎಲ್ಲ ಕಡೆ ಹಾಗೇ ಬಂದಿಲ್ಲ. ಆದರೂ ನಾನು ಇದನ್ನೇ ಹೇಳುತ್ತೇನೆ, ಯಾಕೆಂದರೆ ಎದ್ದು ಹೋಗಿ ತರಬೇಕು ಅಂದಾಗ ಬೇಕಾ ಬೇಡವಾ ಅಂತ ಯೋಚಿಸಲು ನಾಲ್ಕು ಹೆಜ್ಜೆಯ ಹೊತ್ತು ಸಿಗುತ್ತದೆ.

ಚಿಕ್ಕ ಮಕ್ಕಳು, ವಯಸ್ಸಾದ ತಂದೆ ತಾಯಿ ಇರುವವರಿಗೆ ಫೋನ್ ದೂರ ಇಡುವುದು ಭಯ. ಅದು ನ್ಯಾಯವೇ. ಡು ನಾಟ್ ಡಿಸ್ಟರ್ಬ್ ಹಾಕಿ, ಆಯ್ದ ನಾಲ್ಕೈದು ನಂಬರುಗಳ ಕರೆ ಮಾತ್ರ ರಿಂಗಾಗುವಂತೆ ಮಾಡಿ, ಶಬ್ದ ಕೇಳುವಷ್ಟು ದೂರದಲ್ಲಿಡಿ. ಟೈಮರಿಗೆ ಫೋನ್ ಬಳಸುತ್ತಿದ್ದರೆ ಅದಕ್ಕೊಂದು ಬೇರೆ ಗಡಿಯಾರ ಇಟ್ಟುಕೊಳ್ಳಿ.

ಇಮೇಲ್ ವಿಷಯದಲ್ಲಿ, ಬಂದಾಗಲೆಲ್ಲ ನೋಡುವುದಕ್ಕಿಂತ ಹೊತ್ತು ಗೊತ್ತುಮಾಡಿ ನೋಡುವುದು ಮೇಲು. ಕುಶ್ಲೆವ್ ಮತ್ತು ಡನ್ 2015ರ ಅಧ್ಯಯನದಲ್ಲಿ ದಿನಕ್ಕೆ ಮೂರು ಸಲ ಮಾತ್ರ ಇಮೇಲ್ ನೋಡಿ ಅಂದಾಗ ಜನರ ಒತ್ತಡ ಕಡಿಮೆಯಾಯಿತು. ಮೂರು ಸಲ ಸಾಧ್ಯವಿಲ್ಲದ ಕೆಲಸವಾದರೆ ಗಂಟೆಗೊಮ್ಮೆ ಇಟ್ಟುಕೊಳ್ಳಿ. "ತುರ್ತಾದರೆ ಕರೆ ಮಾಡಿ" ಅಂತ ಜೊತೆಯವರಿಗೆ ಮೊದಲೇ ಹೇಳಿಡಿ. ಹೇಳದೆ ಮಾಯವಾದರೆ ಅವರಿಗೂ ಕಿರಿಕಿರಿ.

ಹಾಡು, ಮೌನ, ಹೆಡ್‌ಫೋನ್

ಓದುವ, ಬರೆಯುವ ಕೆಲಸವಿದ್ದರೆ ಸಾಹಿತ್ಯವಿರುವ ಹಾಡು ಬೇಡ. ಹಾಡಿನ ಪದಗಳೂ ನಿಮ್ಮ ವಾಕ್ಯದ ಪದಗಳೂ ತಲೆಯಲ್ಲಿ ಒಂದೇ ಜಾಗಕ್ಕೆ ನುಗ್ಗುತ್ತವೆ. ಪಕ್ಕದವರ ಮಾತು ಕಿವಿಗೆ ಬಿದ್ದಾಗ ಗಮನ ಕೆಡುವುದೂ ಇದಕ್ಕೇ. ಬರೀ ವಾದ್ಯ ಸಂಗೀತ, ಮಳೆಯ ಸದ್ದು, ವೈಟ್ ನಾಯ್ಸ್ (ಒಂದೇ ಸಮನೆ ಕೇಳುವ ಸುಯ್ ಅನ್ನುವ ಸದ್ದು) ಆ ಮಾತನ್ನು ಮುಚ್ಚಲು ಉಪಯೋಗಕ್ಕೆ ಬರುತ್ತವೆ. ಫೈಲು ಜೋಡಿಸುವುದು, ಕೈ ತಾನಾಗಿ ಓಡುವಂಥ ಕೆಲಸಕ್ಕೆ ಯಾವ ಹಾಡಾದರೂ ಸರಿ.

ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಕೊಳ್ಳುವ ಮುಂಚೆ ಒಂದು ಮಾತು. ಅದು ಎಸಿ, ಫ್ಯಾನ್, ವಾಹನದ ಗುಂಯ್ ಅನ್ನುವ ಒಂದೇ ಸಮನೆಯ ಸದ್ದನ್ನು ಚೆನ್ನಾಗಿ ಅಡಗಿಸುತ್ತದೆ. ಮನುಷ್ಯರ ಮಾತನ್ನು ಅಷ್ಟು ಅಡಗಿಸುವುದಿಲ್ಲ. ನಿಮ್ಮ ತೊಂದರೆ ಮಾತಿನದ್ದಾದರೆ ಕಿವಿಗೆ ಹಾಕುವ ಫೋಮ್ ಇಯರ್‌ಪ್ಲಗ್ಗೇ ಅಗ್ಗದಲ್ಲಿ ಅಷ್ಟೇ ಅನುಕೂಲ ಕೊಡಬಹುದು.

ದಣಿವಿಗೆ ವಿಧಾನವಿಲ್ಲ

ಹಾಳೆಯಲ್ಲಿ 11:10ರಂಥ ಸಾಲುಗಳೇ ಜಾಸ್ತಿ ಇದ್ದರೆ ಪೊಮೊಡೊರೊನೂ ಬೇಡ, ಬೋರ್ಡೂ ಬೇಡ. ನಿದ್ದೆ ನೋಡಿಕೊಳ್ಳಿ. ಕೆಫೀನ್ ದಣಿವಿನ ಸಂಕೇತವನ್ನು ಮರೆಮಾಡುತ್ತದೆ, ದಣಿವನ್ನಲ್ಲ. ಕುಡಿದ ಕೆಫೀನಿನ ಅರ್ಧ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. 2013ರ ಒಂದು ಅಧ್ಯಯನದಲ್ಲಿ ಮಲಗುವ ಆರು ಗಂಟೆ ಮುಂಚೆ 400 ಮಿಲಿಗ್ರಾಂ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗೂ ಜಾಸ್ತಿ ಕಡಿಮೆಯಾಯಿತು. ಮಧ್ಯಾಹ್ನದ ಮಂಪರು ದೇಹದ ಗಡಿಯಾರದ್ದೇ. ಆ ಹೊತ್ತಿಗೆ ಕಷ್ಟದ ಕೆಲಸ ಇಡಬೇಡಿ. ಸಾಧ್ಯವಿದ್ದರೆ 10–20 ನಿಮಿಷ ಕಣ್ಣು ಮುಚ್ಚಿ. ಅದಕ್ಕಿಂತ ಜಾಸ್ತಿ ಮಲಗಿದರೆ ಎದ್ದ ಮೇಲೆ ತಲೆ ಭಾರ.

ಹಾಗಾದರೆ ಜೋಡಿಸುವುದು ಹೇಗೆ?

ಬರೆಯುವ, ಕೋಡ್ ಮಾಡುವ, ಲೆಕ್ಕ ಹಾಕುವ ಒಂಟಿ ಕೆಲಸದವರಿಗೆ: ನಿಮ್ಮ ತಲೆ ಚುರುಕಾಗಿರುವ ಹೊತ್ತಿಗೆ ಒಂದು ಬ್ಲಾಕ್, ಅದರೊಳಗೆ ಫ್ಲೋಟೈಮ್, ಫೋನ್ ಬೇರೆ ಕೋಣೆಯಲ್ಲಿ. ಶುರುವಾಗದ ದಿನ ಮೊದಲ ಸುತ್ತಿಗೆ ಮಾತ್ರ ಪೊಮೊಡೊರೊ.

ಸದಾ ಕರೆ, ಮೆಸೇಜ್ ಬರುವವರಿಗೆ: ಮೂರರ ಪಟ್ಟಿ, ಜೊತೆಗೆ ಎದ್ದುಹೋಗುವ ಮುಂಚೆ ಬರೆಯುವ ಆ ಎರಡು ಸಾಲು. ನಿಮಗೆ ಅಡ್ಡಿ ತಪ್ಪಿಸಲಾಗುವುದಿಲ್ಲ, ಹಿಂದಿರುಗಿ ಬರುವುದನ್ನು ಸುಲಭ ಮಾಡಿಕೊಳ್ಳಬಹುದು.

ತಂಡ ನಡೆಸುವವರಿಗೆ: ಕಾನ್ಬಾನ್, ಮತ್ತು ಇಡೀ ತಂಡಕ್ಕೆ ದಿನಕ್ಕೆರಡು ಗಂಟೆ ಮೀಟಿಂಗ್ ಇಲ್ಲದ ಹೊತ್ತು. ಒಬ್ಬರೇ ಎಷ್ಟು ಶಿಸ್ತಾಗಿದ್ದರೂ ಮೇಲಿನವರು ಪ್ರತಿ ಮೆಸೇಜಿಗೂ ಕೂಡಲೇ ಉತ್ತರ ಬಯಸಿದರೆ ಯಾವ ವಿಧಾನವೂ ನಿಲ್ಲುವುದಿಲ್ಲ.

ಮನೆಯಿಂದ ಒಬ್ಬರೇ ಕೆಲಸ ಮಾಡುತ್ತ ಮುಂದೂಡುವವರಿಗೆ: ಇನ್ನೊಬ್ಬರ ಜೊತೆ ಕೂರಿ. ವಿಡಿಯೋ ಕರೆಯಲ್ಲಾದರೂ ಸರಿ. ಮಾತು ಬೇಡ, ಏನು ಮಾಡುತ್ತೇನೆ ಅಂತ ಮೊದಲು ಹೇಳಿ ತಮ್ಮ ತಮ್ಮ ಕೆಲಸ ಮಾಡುವುದು ಅಷ್ಟೇ.

ಆರಿಸಿಕೊಂಡದ್ದಕ್ಕೆ ಎರಡು ವಾರವಾದರೂ ಕೊಡಿ, ಅಷ್ಟರಲ್ಲಿ ಬೇರೆ ಏನನ್ನೂ ಬದಲಿಸಬೇಡಿ. ಎಷ್ಟು ಗಂಟೆ ಕೂತಿರಿ ಅನ್ನುವುದನ್ನು ಎಣಿಸಬೇಡಿ. ದಿನಕ್ಕೆ ಏನು ಮುಗಿಯಿತು ಅನ್ನುವುದನ್ನು ಎಣಿಸಿ.

ಕೆಲವರಿಗೆ ಇವುಗಳಲ್ಲಿ ಯಾವುದೂ ನಿಲ್ಲುವುದಿಲ್ಲ. ಚಿಕ್ಕಂದಿನಿಂದಲೂ ಹೀಗೇ ಇದ್ದರೆ, ಕೆಲಸದಲ್ಲಷ್ಟೇ ಅಲ್ಲದೆ ಮನೆಯಲ್ಲೂ ತೊಂದರೆ ಕೊಡುತ್ತಿದ್ದರೆ, ಗಮನ ನಿಲ್ಲದಿರುವ ಸಮಸ್ಯೆಯಾದ ಎಡಿಎಚ್‌ಡಿ ಇದೆಯೇ ಅಂತ ಮನೋವೈದ್ಯರ ಹತ್ತಿರ ಕೇಳಿ. ದೊಡ್ಡವರಲ್ಲೂ ಅದು ಇರುತ್ತದೆ, ಚಿಕಿತ್ಸೆಯೂ ಇದೆ. ಮೊದಲು ಚೆನ್ನಾಗಿದ್ದು ಇತ್ತೀಚೆಗೆ ಗಮನ ಕುಸಿದಿದ್ದರೆ ರಕ್ತಹೀನತೆ, ಥೈರಾಯ್ಡ್, ಖಿನ್ನತೆ, ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾ ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ವೈದ್ಯರು ಕೇಳಿದಾಗ ಯಾವ ಹೊತ್ತಿಗೆ, ಎಷ್ಟು ಕಾಲದಿಂದ, ನಿದ್ದೆ ಹೇಗಿದೆ ಅನ್ನುವ ಮೂರನ್ನೂ ಹೇಳಿ.